ಕತ್ತರಿಯ ಕಥೆ, ಹೂಜಿಯ ಬಿಸಿ

ವಸ್ತು ಆರಿಸುವುದರಲ್ಲಿ ನನ್ನನ್ನು ಮೀರಿಸುವವರು ಈ ಭೂಮಿಯ ಮೇಲಿಲ್ಲ. ಕೊಡೆಯನ್ನು ಬಿಚ್ಚದೆಯೇ ಅದು ಎಷ್ಟು ಮಳೆಗಾಲ ಬಾಳುತ್ತದೆಂದು ಹೇಳಬಲ್ಲೆ. ಕುರ್ಚಿಯ ಮುಖ ನೋಡಿದರೆ ಸಾಕು, ಯಾವ ಕಾಲು ಮೊದಲು ಅಲುಗಾಡುತ್ತದೆಂದು ಗೊತ್ತಾಗುತ್ತದೆ. ನಾನು ಬರುವುದನ್ನು ಕಂಡರೆ ಅಂಗಡಿಯವರು ಹಳೆಯ ಮಾಲನ್ನು ಹಿಂದಕ್ಕೆ ತಳ್ಳುತ್ತಾರೆ. ಆದ್ದರಿಂದ ನನ್ನ ತಂಗಿಯ ಗಂಡನಿಗೆ ಮನೆಗೊಂದು ಕಾಫಿ ಯಂತ್ರ ಬೇಕಾದಾಗ ಅವನು ನನ್ನನ್ನೇ ಕರೆದದ್ದು ಸಹಜ.

ಅವನು ಕ್ಷೌರಿಕ. ಊರಿಗೆಲ್ಲ ಅವನು ಕತ್ತರಿ. ಮೀಸೆ ಮೂಡುವ ಮುನ್ನವೇ ಅಪ್ಪನ ಪಕ್ಕ ನಿಂತು ಬೇರೆಯವರ ಮೀಸೆ ತಿದ್ದಲು ಕಲಿತವನು. ಕೈ ಚುರುಕು, ಕೆಲಸ ಮಾತ್ರ ನಿಧಾನ, ಯಾಕೆಂದರೆ ಕಥೆ ಮುಗಿಯದೆ ಅವನು ಕೂದಲು ಮುಗಿಸುವುದಿಲ್ಲ. ಕಪ್ಪು ತಲೆ ಇಟ್ಟುಕೊಂಡು ಕೂತವರು ನರೆತು ಎದ್ದದ್ದುಂಟು.

ಅವನ ಅಂಗಡಿಯೆಂದರೆ ಮನೆಯ ಮುಂದಿನ ಕೋಣೆ. ಒಂದು ದೊಡ್ಡ ಕನ್ನಡಿ, ಎರಡು ತಿರುಗುವ ಕುರ್ಚಿ, ಕಾಯುವವರಿಗೆ ಗೋಡೆಗೊರಗಿದ ಬೆಂಚು, ಹಿಂದುಗಡೆ ಒಂದು ಪರದೆ. ಪರದೆಯಾಚೆ ಕಡಿದಾದ ಮೆಟ್ಟಿಲು, ಮೇಲೆ ಅಡುಗೆಮನೆ. ಅಲ್ಲಿಂದ ತಂಗಿ ಕಾಫಿ ತಂದು ಬಾಚಣಿಗೆಗಳ ಪಕ್ಕ ಇಡುತ್ತಿದ್ದಳು. ಅವನು ಒಂದು ಗುಟುಕು ಹೀರಿ ಕಥೆ ತೆಗೆಯುತ್ತಿದ್ದ. ಕಥೆ ಏರುತ್ತಿತ್ತು, ಕಾಫಿ ಆರುತ್ತಿತ್ತು. ಸ್ವಲ್ಪ ಹೊತ್ತಿಗೆ ಅವಳು ಇಳಿದು ಬಂದು, ಲೋಟ ಮುಟ್ಟಿ ನೋಡಿ, ಮೇಲಕ್ಕೊಯ್ದು ಬಿಸಿ ಮಾಡಿ ಮತ್ತೆ ತರುವಳು. ಆ ಒಂದು ಲೋಟ ಕಾಫಿ ಒಂದು ದಿನದಲ್ಲಿ ಹತ್ತಿದ ಎತ್ತರವನ್ನು ಕೂಡಿಸಿದರೆ ಅದಕ್ಕೆ ಪರ್ವತಾರೋಹಿಗಳ ಪದಕ ಸಲ್ಲಬೇಕು.

ಬಂದಾಗಲೆಲ್ಲ ಗಂಡನ ಕಥೆಗೊಂದು ತಿದ್ದುಪಡಿ ಹಾಕಿ ಹೋಗುವುದು ಅವಳ ರೂಢಿ. ಬೀದಿಯ ಕ್ರೂರ ನಾಯಿಯನ್ನು ತಾನು ಬರೀ ಕಣ್ಣೋಟದಲ್ಲಿ ನಿಲ್ಲಿಸಿದ ಪ್ರಸಂಗವನ್ನು ಅವನು ಹೇಳುತ್ತಿದ್ದರೆ, ಅವಳು ಲೋಟ ಎತ್ತಿಕೊಳ್ಳುತ್ತ, "ನಾಯಿ ನಿಂತಿದ್ದು ನಿಜ. ಇವರು ಗೋಡೆ ಮೇಲಿದ್ರು" ಎನ್ನುವಳು. ಇಡೀ ಬೆಂಚು ಬಿದ್ದು ಬಿದ್ದು ನಗುತ್ತಿತ್ತು. ಕತ್ತರಿ ಜಾಣ ಕಿವುಡನಂತೆ ಕೆಲಸ ಮುಂದುವರಿಸುತ್ತಿದ್ದ.

ಈ ವರ್ಷ ಅವಳ ಮಂಡಿ ಮುಷ್ಕರ ಹೂಡಿತು. ಮೆಟ್ಟಿಲು ಹತ್ತಿಳಿಯುವುದನ್ನು ಕಡಿಮೆ ಮಾಡದಿದ್ದರೆ ಮುಂದೆ ನಡೆಯುವುದೇ ಕಷ್ಟ ಎಂದರು ಡಾಕ್ಟರು. ಕತ್ತರಿ, ಇನ್ನು ಆರಿದ್ದನ್ನೇ ಕುಡಿಯುತ್ತೇನೆ ಎಂದ. ತನ್ನ ಕೈಯ ಕಾಫಿಯನ್ನು ಪಾತ್ರೆ ತೊಳೆದ ನೀರಿನಂತೆ ಕುಡಿಯುವುದಾದರೆ ಕುಡಿಯಲೇ ಬೇಡಿ ಎಂದ ತಂಗಿ, ಒಂದು ಕೈಯಲ್ಲಿ ಲೋಟ, ಇನ್ನೊಂದು ಕೈಯಲ್ಲಿ ಗೋಡೆ ಹಿಡಿದು ಮೆಟ್ಟಿಲು ಹತ್ತಿದಳು. ಮಾರನೆಯ ದಿನವೇ ಅವನು ಅಂಗಡಿಗೆ ಬೀಗ ಹಾಕಿ ನನ್ನ ಬಾಗಿಲು ತಟ್ಟಿದ. ಕಾಫಿ ಕೆಳಗೇ ಆಗಬೇಕು, ಕೆಳಗೇ ಬಿಸಿಯಾಗಿರಬೇಕು, ಅವಳ ಮಂಡಿ ಉಳಿಯಬೇಕು. ಇಷ್ಟೇ ಅವನ ಬೇಡಿಕೆ.

ಯಂತ್ರಗಳ ಅಂಗಡಿಯಲ್ಲಿ ನಾನು ಆರಿಸಿದೆ. ನೀಲಿ ದೀಪ, ಗಾಜಿನ ಹೂಜಿ, ಹೂಜಿಯಡಿ ಸದಾ ಕಾದಿರುವ ತಟ್ಟೆ. ಕಾಫಿ ತೊಟ್ಟಿಕ್ಕುವುದನ್ನು ಸಿನೆಮಾದಂತೆ ಕೂತು ನೋಡಬಹುದು. ಕತ್ತರಿಯ ಕಣ್ಣು ಮಾತ್ರ ಮೂಲೆಯಲ್ಲಿದ್ದ ಇನ್ನೊಂದು ಯಂತ್ರದ ಮೇಲಿತ್ತು. ಅದರ ಹೂಜಿ ಎರಡು ಪದರದ ಸ್ಟೀಲಿನದು. ಫ್ಲಾಸ್ಕಿನ ಹಾಗೆ, ಕೆಳಗೆ ಕಾವಿಲ್ಲದೆಯೂ ಬಿಸಿ ಹಿಡಿದಿಡುತ್ತದೆ ಎಂದಳು ಅಂಗಡಿಯಾಕೆ. ಹೊಟ್ಟೆಯೊಳಗೇನಿದೆಯೆಂದು ತೋರಿಸದ ಪಾತ್ರೆಯನ್ನು ನಂಬುವುದುಂಟೇ ಎಂದು ನಾನು ಗದರಿ ಗಾಜಿನದನ್ನೇ ಹೊರಿಸಿದೆ.

ಮರುದಿನ ಬೆಳಿಗ್ಗೆ ಇಳಿಸಿದ ಕಾಫಿ ಆ ತಟ್ಟೆಯ ಮೇಲೆ ಬೆಂದು ಬೆಂದು ಮಧ್ಯಾಹ್ನದ ಹೊತ್ತಿಗೆ ಡಾಂಬರಾಯಿತು. ಗಿರಾಕಿಯೊಬ್ಬ ಒಂದು ಗುಟುಕು ಕುಡಿದದ್ದೇ ತಡ, ಆಗಷ್ಟೇ ಬಾಚಿದ್ದ ಅವನ ಕೂದಲು ತಾನಾಗಿ ಎದ್ದು ನಿಂತಿತು. ಮಿಕ್ಕದ್ದನ್ನು ಕತ್ತರಿ ಬೂಟಿಗೆ ಹಚ್ಚಿದನೆನ್ನುತ್ತಾರೆ. ಹಚ್ಚಿದ್ದನ್ನು ನಾನು ನೋಡಿಲ್ಲ, ಹೊಳಪು ನೋಡಿದ್ದೇನೆ. ಅಷ್ಟರಲ್ಲಿ ಪರದೆ ಸರಿಯಿತು. ತಂಗಿ ಬಿಸಿ ಲೋಟ ಹಿಡಿದು, ಕುಂಟುತ್ತ ಇಳಿದು ಬಂದಿದ್ದಳು. ಯಂತ್ರವನ್ನೊಮ್ಮೆ, ನನ್ನನ್ನೊಮ್ಮೆ ನೋಡಿದಳು.

"ಅಣ್ಣ ಆರಿಸಿದ್ದಾ?"

ಅಷ್ಟೇ ಕೇಳಿದ್ದು. ಬೈದಿದ್ದರೆ ಚೆನ್ನಾಗಿತ್ತು.

ಬದಲಾಯಿಸಲು ಹೋದಾಗ ಕತ್ತರಿ ನನ್ನನ್ನು ಕರೆದೊಯ್ದದ್ದು ಡಬ್ಬ ಹೊರುವುದಕ್ಕೆ ಮಾತ್ರ. ಸ್ಟೀಲಿನ ಹೂಜಿಗಳನ್ನೆಲ್ಲ ಅವನು ಸಾಲಾಗಿ ಇಡಿಸಿದ. ಒಂದರ ಮುಚ್ಚಳ ತಿರುಗಿಸಲು ಪೈಲ್ವಾನರೇ ಬರಬೇಕಿತ್ತು. ಇನ್ನೊಂದು ಲೋಟಕ್ಕಿಂತ ಮೇಜಿಗೇ ಹೆಚ್ಚು ಬಡಿಸುತ್ತಿತ್ತು. ಮತ್ತೊಂದರ ಬಾಯಿ ಕಿರಿದು, ಕೈ ಹೋಗದಿದ್ದರೆ ತೊಳೆಯುವುದು ಹೇಗೆ? ಕೊನೆಗೆ ಬಾಯಿ ಅಗಲವಾದ, ಹೆಬ್ಬೆರಳಲ್ಲಿ ಒತ್ತಿದರೆ ಚೆಲ್ಲದೆ ಸುರಿಯುವ ಒಂದು ಸಿಕ್ಕಿತು. ಇನ್ನು ಬಿಸಿಯ ಪರೀಕ್ಷೆ. ಹೂಜಿಯೊಳಗೆ ಮೊದಲು ಬಿಸಿನೀರು ಆಡಿಸಿ ಚೆಲ್ಲಿಸಿದ, ಇಲ್ಲವಾದರೆ ತಣ್ಣನೆಯ ಸ್ಟೀಲೇ ಅರ್ಧ ಬಿಸಿಯನ್ನು ನುಂಗುತ್ತದಂತೆ. ಆಮೇಲೆ ಕುದಿನೀರು ತುಂಬಿಸಿ, ಮುಚ್ಚಳ ಬಿಗಿದು, ತನ್ನ ಮದುವೆಯ ಕಥೆ ಶುರು ಮಾಡಿದ. ಅವನಲ್ಲಿರುವ ಗಡಿಯಾರ ಅದೊಂದೇ. ಅಂಗಡಿಯಾಕೆ ಮೊದಲು ನಿಂತು ಕೇಳಿದಳು, ಆಮೇಲೆ ಕೂತಳು. ಫ್ರಿಜ್ ಕೊಳ್ಳಲು ಬಂದವರು ಫ್ರಿಜ್ಜನ್ನೇ ಮರೆತರು. ಕಥೆಯಲ್ಲಿ ಇವನಿನ್ನೂ ಹುಡುಗಿಯ ಹೆಸರು ಕೇಳಿರಲಿಲ್ಲ, ಆಗಲೇ ಅಂಗಡಿ ಮುಚ್ಚುವ ಹೊತ್ತು. ಮುಚ್ಚಳ ತೆಗೆದರೆ ಭುಸ್ಸೆಂದು ಬಂದ ಹಬೆಗೆ ನನ್ನ ಕನ್ನಡಕ ಮಂಜಾಯಿತು.

ಯಂತ್ರ ಮನೆಗೆ ಬಂತು. ಬೆಳಿಗ್ಗೆ ಇಳಿಸಿದ ಕಾಫಿ ಮಧ್ಯಾಹ್ನವೂ ಬಿಸಿ, ರುಚಿಯೂ ಕೆಡಲಿಲ್ಲ. ತಂಗಿಯ ಮಂಡಿ ಸುಧಾರಿಸಿತು. ಹಾಳಾದದ್ದು ಕತ್ತರಿಯ ಕಥೆ. ನಾಯಿ ಹುಲಿಯಾಯಿತು, ಒಂದು ಹುಲಿ ಎರಡಾಯಿತು, ಎರಡನ್ನೂ ಅವನು ಕಣ್ಣೋಟದಲ್ಲೇ ನಿಲ್ಲಿಸಿದ. ಅವನನ್ನು ಗೋಡೆ ಹತ್ತಿಸುವವರೇ ಇರಲಿಲ್ಲ. ಬೆಂಚು ಆಕಳಿಸಿತು. ಮಧ್ಯೆ ಮಧ್ಯೆ ಅವನು ಪರದೆಯತ್ತ ನೋಡುತ್ತಿದ್ದ. ಕೊನೆಗೆ ಕಥೆಯನ್ನೇ ಬಿಟ್ಟ. ಕ್ಷೌರಗಳು ಚಕಚಕನೆ ಮುಗಿಯತೊಡಗಿದವು, ಗಿರಾಕಿಗಳು ಇವನಿಗೆ ಮೈ ಹುಷಾರಿಲ್ಲವೆಂದು ಗಾಬರಿಗೊಂಡರು. ಮೇಲೆ ಅಡುಗೆಮನೆಯಲ್ಲಿ ತಂಗಿಯದೂ ಅದೇ ಪಾಡು. "ಕೆಳಗೆ ಏನೇನು ಸುಳ್ಳು ಹೇಳ್ತಿದಾರೋ, ಒಂದೂ ಕೇಳಿಸಲ್ಲ ಅಣ್ಣ" ಎಂದು ಗೊಣಗಿದಳು. ನಾನು ಆ ಮಾತನ್ನು ಹಾಗೆಯೇ ಹೊತ್ತು ತಂದು ಕೆಳಗಿಳಿಸಿದೆ. ಹೊರುವ ಕೆಲಸ ನನಗೆ ಒಗ್ಗಿತ್ತು.

ಮುಂದಿನ ಸಲ ಹೋದಾಗ ಬೆಂಚಿನ ಅರ್ಧ ಮಾಯವಾಗಿತ್ತು. ಕತ್ತರಿ ಅದನ್ನು ಗರಗಸದಲ್ಲಿ ಕೊಯ್ದು, ಆ ಜಾಗದಲ್ಲಿ ಮೆತ್ತೆ ಹಾಕಿದ ಬೆತ್ತದ ಕುರ್ಚಿ ಇಟ್ಟಿದ್ದ. ಕಾಲು ಚಾಚಲು ಒಂದು ಮಣೆ. ತಂಗಿ ಬೆಳಿಗ್ಗೆ ಒಮ್ಮೆ ಇಳಿದು ಬಂದರೆ ಊಟಕ್ಕೇ ಮೇಲೆ ಹೋಗುವುದು. ಮೊಣಕೈ ಪಕ್ಕ ಹೂಜಿ, ಮಡಿಲಲ್ಲಿ ಗುಂಡಿ ಹೊಲಿಯಬೇಕಾದ ಅಂಗಿ. ಆಗಲೇ ಕಥೆ ನಡೆದಿತ್ತು.

"ಎರಡು ಹುಲಿ ಎಲ್ಲಿಂದ ಬಂದ್ವು ರೀ? ಒಂದು ನಾಯಿ. ಅದಕ್ಕೂ ಮೂರೇ ಕಾಲು" ಎನ್ನುತ್ತಿದ್ದಳು ತಂಗಿ, ಗಂಡನ ಲೋಟಕ್ಕೆ ಕಾಫಿ ಸುರಿಯುತ್ತ. ಅರ್ಧ ಬೆಂಚು ಇಡೀ ಬೆಂಚಿನಷ್ಟು ನಗುತ್ತಿತ್ತು.

ನನಗೆ ಸುಮ್ಮನಿರಲಾಗಲಿಲ್ಲ. "ಅಲ್ಲ ಮಾರಾಯ, ಇವಳು ಕೆಳಗೆ ಬರೋದು ತಪ್ಪಲಿ ಅಂತ ಊರೆಲ್ಲ ಸುತ್ತಿ ಈ ಹೂಜಿ ತಂದೆ. ಈಗ ಇವಳನ್ನೇ ತಂದು ಕೆಳಗೆ ಕೂರಿಸಿದೀಯ. ಮತ್ತೆ ಹೂಜಿ ಯಾಕೆ?"

ಕತ್ತರಿ ಗಿರಾಕಿಯ ಕಿವಿ ಮಡಚಿ ಹಿಡಿದು, ಕೂದಲು ನೇರ ಮಾಡುತ್ತಲೇ ಹೇಳಿದ: "ಎದ್ದು ಹೋಗದೇ ಇರ್ಲಿ ಅಂತ, ಭಾವ."