ಕರೆಂಟು ಮುಟ್ಟದ ಸಬಕಾರ

ಆಗ ನನಗೆ ಮೂವತ್ತೈದು. ಅದಾಗಿ ಮೂವತ್ತಾರು ವರ್ಷವಾಯಿತು. ಗುರಪ್ಪ ಕಾಕಾನ ಮುಖ ಈಗ ಸರಿಯಾಗಿ ನೆನಪಾಗುವುದಿಲ್ಲ. ಅಂಗೈ ನೆನಪಿದೆ. ಸಬಕಾರದ ಕಾಸ್ಟಿಕ್ ಸೋಡಾ ರೇಖೆಗಳನ್ನೆಲ್ಲ ತಿಂದುಹಾಕಿತ್ತು. ಕೈ ನೋಡುವವನೊಬ್ಬ "ಏನೂ ಕಾಣವಲ್ದು" ಅಂದಾಗ, "ಹಂಗಾರ ದಕ್ಷಿಣಿನೂ ಇಲ್ಲ, ಹೋಗಪಾ" ಎಂದು ಕಳಿಸಿದ್ದರು.

ಅಣ್ಣಿಗೇರಿಯ ರೈಲು ಹಳಿಯ ಆಚೆ ಅವರ ಮನೆ. ಮನೆಯ ಹಿಂದೆ ತಗಡಿನ ಶೆಡ್ಡು. ಅಲ್ಲಿ ಬಟ್ಟೆ ಒಗೆಯುವ ಸಬಕಾರ ಮಾಡುತ್ತಿದ್ದರು. ಕಡಾಯಿಯಲ್ಲಿ ಕಾಸುವುದು, ಕಟ್ಟಿಗೆಯ ಹುಟ್ಟಿನಿಂದ ತಿರುವುವುದು, ಆರಿದ ಮೇಲೆ ತಂತಿಯಿಂದ ಕೊಯ್ಯುವುದು. ಕೆಲಸಕ್ಕೆ ನಾವು ಐದು ಮಂದಿ ಹೆಂಗಸರು. ಕರೆಂಟು ಬಳಸದೆ ಮಾಡಿದ ಸಬಕಾರಕ್ಕೆ ಆಗ ಸರ್ಕಾರದ ಸುಂಕ ಮಾಫಿ ಇತ್ತು. "ಆ ಮಾಫಿ ಹೋತಂದ್ರ ದೊಡ್ಡ ಫ್ಯಾಕ್ಟ್ರಿ ಮುಂದ ನಾವು ಒಂದ ದಿನ ನಿಲ್ಲಂಗಿಲ್ಲ" ಎಂದು ಕಾಕಾ ಅನ್ನುತ್ತಿದ್ದರು. ಶೆಡ್ಡಿಗೆ ಬಲ್ಬು ಕೂಡ ಹಾಕಿಸಿರಲಿಲ್ಲ.

"ಕಾಕಾ, ದೀಪಕ್ಕೂ ಸುಂಕ ಐತೇನ್ರಿ?" ಎಂದು ನಾನೇ ಚಾಷ್ಟಿ ಮಾಡಿದ್ದೆ.

"ಇಲ್ಲ ಬೇ. ಆದ್ರ ಇವತ್ತು ಬಲ್ಬ್ ಹಾಕಿದ್ರ ನಾಳೆ ನೀ ಫ್ಯಾನ್ ಕೇಳತಿ."

ಸೋಡಾ ಕರಗಿಸಲು ನೀರು ಬೇಕು. ಅಂಗಳದ ಬಾವಿಯಿಂದ ದಿನಾ ನಲವತ್ತು ಕೊಡ ಅವರೇ ಸೇದಿ ತೊಟ್ಟಿಗೆ ಸುರಿಯುತ್ತಿದ್ದರು. ನಮಗೆ ಹಗ್ಗ ಕೊಡುತ್ತಿರಲಿಲ್ಲ. ಆ ಚಳಿಗಾಲ ಎದೆನೋವು ಬಂದು ಬಾವಿಕಟ್ಟೆಯ ಮೇಲೆ ಕುಸಿದರು. ಎಂಟು ದಿನ ಹಾಸಿಗೆ ಹಿಡಿದರು. ಎದ್ದರೆ ಮತ್ತೆ ಹಗ್ಗಕ್ಕೇ ಕೈ ಹಾಕುತ್ತಾರೆ ಎಂದು, ಅವರು ಬಿದ್ದ ದಿನವೇ ನಾನು ಬಾಜು ತೋಟದವರಿಗೆ ಹೇಳಿ ಅವರ ಮೋಟಾರಿನ ಪೈಪನ್ನು ನಮ್ಮ ತೊಟ್ಟಿಗೆ ಬಿಡಿಸಿದೆ. ಸಬಕಾರ ಕೈಯಿಂದ ಮಾಡಿದರಾಯಿತು, ನೀರಿಗೆಂಥ ಕಾಯ್ದೆ ಎಂದುಕೊಂಡಿದ್ದೆ. ಅವರನ್ನು ಕೇಳಲಿಲ್ಲ.

ಒಂಬತ್ತನೇ ದಿನ ಕಾಕಾ ಶೆಡ್ಡಿಗೆ ಬಂದರು. ಅವರ ಹಿಂದೆಯೇ ಸುಂಕದ ಸಾಹೇಬರೂ ಬಂದರು. ಪೈಪಿನಿಂದ ನೀರು ಸುರಿಯುತ್ತಿತ್ತು.

"ಇದು ಎಲ್ಲೀ ನೀರು?" ಎಂದು ಸಾಹೇಬರು ಕೇಳಿದರು.

"ಮೋಟಾರಿಂದ್ರಿ. ಎಂಟ ದಿನ ಆತು" ಎಂದು ನಾನೇ ಹೆಮ್ಮೆಯಿಂದ ಹೇಳಿದೆ.

ಸಾಹೇಬರು ಬರೆದುಕೊಂಡರು. "ನೀರು ಎತ್ತಾಕ ಕರೆಂಟ್ ಬಳಸಿದ್ರೂ ಬಳಸಿದಂಗ" ಎಂದರು. ಕಾಕಾ ನನ್ನ ಕಡೆ ನೋಡಲಿಲ್ಲ. "ನಾನ ಬಿಡಿಸೇನ್ರಿ" ಎಂದು ಸಹಿ ಮಾಡಿದರು.

ಮಾಫಿ ಹೋಯಿತು. ಎರಡು ತಿಂಗಳಲ್ಲಿ ಕಡಾಯಿಯೂ ಹೋಯಿತು. ಶೆಡ್ಡಿಗೆ ಕೀಲಿ ಹಾಕಿದ ದಿನ, "ನನ್ನಿಂದ ಆತ್ರಿ ಕಾಕಾ" ಎಂದೆ.

"ನಲವತ್ತು ಕೊಡ ಯಾಕ ಸೇದತೀನಿ ಅಂತ ನೀವು ಒಬ್ಬರೂ ಕೇಳಲಿಲ್ಲ. ನಾನೂ ಹೇಳಲಿಲ್ಲ. ಮನೀಗ್ ಹೋಗು ನೀಲವ್ವ" ಎಂದರು. ಕೊಯ್ದು ಉಳಿದಿದ್ದ ಒಂದು ತುಂಡು ಸಬಕಾರ ನನ್ನ ಕೈಯಲ್ಲಿಟ್ಟರು. ಆಮೇಲೆ ಅವರನ್ನು ನೋಡಿದ್ದು ಹೆಣವಾಗಿಯೇ.

ಯುಗಾದಿಗೆ ಮುಂಚೆ ತೀರಿಕೊಂಡರು. ಹೆಣಕ್ಕೆ ಸ್ನಾನ ಮಾಡಿಸಲು ನೀರು ಬೇಕಾಯಿತು. ಅವರ ಅಳಿಯ ಅದೇ ಬಾಜು ತೋಟದ ಮೋಟಾರು ಹಚ್ಚಿಸಿದ.

ಮರುದಿನ ಬೆಳಿಗ್ಗೆ ಅವರ ಬಾವಿಗೆ ಹೋಗಿ ಹಗ್ಗ ಹಿಡಿದೆ. ನಲವತ್ತು ಕೊಡ ಸೇದಿ ಆ ತೊಟ್ಟಿಗೆ ಸುರಿದೆ. ಆಮೇಲೆ ಮಂದಿಯ ಹೊಲಕ್ಕೆ ಮೆಣಸಿನಕಾಯಿ ಬಿಡಿಸಲು ಹೋದೆ.