ಟೈಲರಕ್ಕನ ಸ್ಕೂಟರ್ ಕನ್ನಡಿ

ಹಿಂದಿನಿಂದ ಕರೆದರೆ ತಿರುಗಿ ನೋಡದ ಯಾರನ್ನಾದರೂ ‘ಸೊಕ್ಕು’ ಅಂತ ಬೈದು, ಆಮೇಲೆ ನಾಲಿಗೆ ಕಚ್ಚಿಕೊಂಡಿದ್ದೀರಾ? ನಾನು ಕಚ್ಚಿಕೊಂಡಿದ್ದೇನೆ. ನಮ್ಮ ಓಣಿಗೆ ಓಣಿಯೇ ಕಚ್ಚಿಕೊಂಡಿದೆ.

ಮೊನ್ನೆ ನನ್ನ ಗಾಡಿಗೆ ಹೊಸ ಕನ್ನಡಿ ಹಾಕಿಸಿದೆ. ಮೆಕ್ಯಾನಿಕ್ ಹಳೆಯದನ್ನು ಬಿಚ್ಚಿ ಕೈಗೆ ಕೊಟ್ಟ. ಅದಕ್ಕಂಟಿದ್ದ ಎಣ್ಣೆಯ ವಾಸನೆ ಮೂಗಿಗೆ ಬಡಿದದ್ದೇ ತಡ, ದಾವಣಗೆರೆಯ ವಿನೋಬನಗರ, ನಮ್ಮ ಓಣಿ, ಎದುರುಮನೆ ಟೈಲರಕ್ಕನ ಹೊಲಿಗೆ ಮಷಿನ್... ತೊಂಬತ್ತರ ದಶಕ ಮುಗಿಯುತ್ತಿದ್ದ ವರ್ಷಗಳು. ನಾನಾಗ ಡಿಗ್ರಿ ಓದುತ್ತಿದ್ದೆ.

ಟೈಲರಕ್ಕ ಬಾಗಿಲಿಗೆ ಬೆನ್ನು ಹಾಕಿ, ಕಿಟಕಿ ಬೆಳಕಿಗೆ ಮುಖಮಾಡಿ ಹೊಲಿಯುತ್ತಿದ್ದಳು. ಮಷಿನ್ನಿನ ಪಕ್ಕಕ್ಕೆ ಹಳೇ ಸ್ಕೂಟರ್ ಕನ್ನಡಿಯೊಂದನ್ನು ಬಿಗಿಸಿಕೊಂಡಿದ್ದಳು. ನಾವು ಹೊಸ್ತಿಲು ತುಳಿಯುವಷ್ಟರಲ್ಲಿ, ತಿರುಗದೆಯೇ, “ಬರ್ರಿ, ಕೂಡ್ರಿ” ಅನ್ನುತ್ತಿದ್ದಳು. ಕಿಟಕಿ ಪಕ್ಕದ ಸ್ಟೂಲಿನ ಮೇಲೆಯೇ ಕೂರಬೇಕು, ಬೇರೆಲ್ಲೂ ಬಿಡುತ್ತಿರಲಿಲ್ಲ. ಅಳತೆ ಬರೆದ ಚೀಟಿಯನ್ನು ನಮ್ಮ ಕೈಗೇ ಕೊಟ್ಟು, “ಸರಿ ಐತೇನು ಓದ್ಕಳ್ರಿ, ಆಮೇಲೆ ನಾನಂದೆ ನೀನಂದೆ ಬ್ಯಾಡ” ಅನ್ನುತ್ತಿದ್ದಳು. ಒಲೆಯ ಮೇಲಿನ ಕುಕ್ಕರ್ ಕೂಗಿದಾಗಲೆಲ್ಲ ಅದರ ತಲೆ ಕುಣಿಯುವುದನ್ನು ಕಣ್ಣಲ್ಲೇ ಎಣಿಸುತ್ತಿದ್ದಳು. ಕತ್ತಲಾದ ಮೇಲೆ ಕರೆಂಟು ಹೋದರೆ ಮಾತ್ರ ಮಾತು ಗಕ್ಕನೆ ನಿಲ್ಲುತ್ತಿತ್ತು. “ನಾಳೆ ಬರ್ರಿ.” ಅಷ್ಟೇ.

ನಾವೇನು ತಿಳಿದಿದ್ದೆವು? ಸೊಕ್ಕು. ಸಂತೆಯಲ್ಲಿ ಹಿಂದಿನಿಂದ ಕೂಗಿದರೆ ತಿರುಗುವವಳಲ್ಲ, ಆದರೆ ಕೈ ಮಾತ್ರ ಚೆನ್ನಾಗಿದೆ ಅಂತ ಬ್ಲೌಸ್ ಕೊಡುತ್ತಿದ್ದೆವು. ಗಂಡ ಕೆಲಸಕ್ಕಿದ್ದ ಮಿಲ್ಲು ಬಾಗಿಲು ಹಾಕಿದ ಮೇಲೆ ಅವಳ ಮನೆ ನಡೆಯುತ್ತಿದ್ದದ್ದು ಆ ಮಷಿನ್ನಿನ ಮೇಲೆಯೇ.

ಆಗ ಮಲೆಬೆನ್ನೂರಿನಲ್ಲಿದ್ದ ನಮ್ಮ ಮಾವ, ಅಂದರೆ ಅಮ್ಮನ ಅಣ್ಣ, ತೀರಿಕೊಂಡರು. ಅಲ್ಲಿ ಮಣ್ಣು ಮುಗಿಸಿ ಬಂದ ಮರುದಿನ, ಹೊಲಿಯಲು ಕೊಟ್ಟಿದ್ದ ಬಟ್ಟೆ ತರಲು ಹೋದವಳು ನಾನೇ ಹೇಳಿದೆ: “ಮಾವ ತೀರ್ಕಂಡ್ರಕ್ಕಾ.” ಅವಳು ನನ್ನ ಮುಖವನ್ನೇ ನೋಡಿದಳು. ಕೈಲಿದ್ದ ಕತ್ತರಿ ಕೆಳಗಿಟ್ಟಳು.

ಸಂಜೆ ನಮ್ಮ ಮನೆಗೆ ಬಂದಳು. ಹೆಂಗಸರೆಲ್ಲ ಸೇರಿದ್ದರು. ಹರಿಹರದಿಂದ ನಮ್ಮಕ್ಕ, ಬಾವ ಬಂದಿದ್ದರು. ಟೈಲರಕ್ಕ ಸೀದಾ ಹೋಗಿ ನಮ್ಮಕ್ಕನನ್ನು ತಬ್ಬಿಕೊಂಡು, “ನಿನ್ನ ಗಂಡ ಹೋಗೋ ವಯಸ್ಸೇನವ್ವಾ ಇದು!” ಅಂತ ಗೊಳೋ ಅಂತ ಅತ್ತಳು.

ಒಳಗಿನಿಂದ ಬಾವ ಟೀ ಲೋಟ ಹಿಡಿದೇ ಹೊರಗೆ ಬಂದರು. “ಯಾಕ್ರೀ, ಏನಾತು?”

ಟೈಲರಕ್ಕನ ಮುಖದ ಬಣ್ಣವೇ ಹೋಯಿತು. ಎದ್ದು ಹೊರಟಳು.

“ಮುತ್ತೈದೆ ಮುಂದೆ ಆಡೋ ಮಾತಾ ಅದು! ಶಾಪ ಹಾಕಿ ಹೋದ್ಳು ನೋಡ್ರಿ” ಅಂತ ಅಮ್ಮ ಕೂಗಾಡಿದರು. ಎರಡೇ ದಿನ. ಓಣಿಯ ಹೆಂಗಸರು ಒಬ್ಬೊಬ್ಬರೇ ಹೋಗಿ ಹೊಲಿಯದ ಬಟ್ಟೆ ವಾಪಸು ತಂದರು. ಮಷಿನ್ನಿನ ಸದ್ದು ನಿಂತಿತು.

ನನಗೆ ಸಮಾಧಾನವಿಲ್ಲ. ನಾನು ಹೇಳಿದ್ದು ಮಾವ ಅಂತಲೇ ತಾನೇ? ತಲೆ ಬಾಚುತ್ತಾ ಕನ್ನಡಿ ಮುಂದೆ ಮತ್ತೆ ಹೇಳಿ ನೋಡಿಕೊಂಡೆ. ಮಾವ. ಬಾವ. ಎರಡಕ್ಕೂ ತುಟಿ ಮುಚ್ಚಿ ತೆರೆಯುವುದು ಒಂದೇ ಥರ... ಬಾಚಣಿಗೆ ಅಲ್ಲೇ ಬಿಟ್ಟು ಎದುರುಮನೆಗೆ ಓಡಿದೆ.

“ಅಕ್ಕಾ, ನಿಂಗೆ ಕಿವಿ ಕೇಳಲ್ಲ ಅಲ್ವಾ?”

ಅವಳು ನನ್ನ ಬಾಯಿಯನ್ನೇ ನೋಡಿ, ಎದ್ದು ಬಾಗಿಲು ಮುಂದೆ ಮಾಡಿದಳು. “ಎರಡನೇ ಬಾಣಂತನದಾಗ ಜ್ವರ ಬಂದಿತ್ತು. ಅಲ್ಲಿಂದ ಕಮ್ಮಿ ಆಗ್ತಾ ಹೋತು. ಯಾರಿಗೂ ಹೇಳಬ್ಯಾಡ. ಕಿವುಡಿ ಅಂದ್ರೆ ಯಾರು ಬಟ್ಟೆ ಕೊಡ್ತಾರೆ?”

“ಈಗ ಯಾರು ಕೊಡ್ತಾ ಅದಾರೆ?” ಅಂದೆ. ನನ್ನ ಬಾಯಿ ಆಗಲೂ ಹೀಗೇ.

ಮಾರನೇ ದಿನ ಟೈಲರಕ್ಕ ನಮ್ಮ ಮನೆಗೆ ಬಂದಳು. ಕೈಯಲ್ಲಿ ಬಿಚ್ಚಿ ತಂದ ಸ್ಕೂಟರ್ ಕನ್ನಡಿ. ಅಮ್ಮ ಮುಖ ತಿರುಗಿಸಿದರು. ಅವಳು ಬಿಡಬೇಕಲ್ಲ? ಅಮ್ಮನ ಮುಖದ ಮುಂದೆಯೇ ಕನ್ನಡಿ ಹಿಡಿದಳು.

“ನನಗೆ ಕಿವಿ ಕೇಳಲ್ರೀ. ತುಟಿ ನೋಡಿ ತಿಳ್ಕಂತೀನಿ. ಮಾವ ಅನ್ರಿ. ಈಗ ಬಾವ ಅನ್ರಿ. ನೀವೇ ಹೇಳ್ರಿ, ನಾನು ಹೆಂಗೆ ತಿಳ್ಕಬೇಕಿತ್ತು?”

ಅಮ್ಮ ಗೊಣಗುತ್ತಲೇ ಮಾವ ಅಂದರು. ಬಾವ ಅಂದರು. ಮತ್ತೊಮ್ಮೆ ಅಂದರು, ನಿಧಾನಕ್ಕೆ. ಕೋಪವೆಲ್ಲ ಇಳಿದು ಹೋಯಿತು. “ಅಯ್ಯ ನನ್ನವ್ವ, ಮೊದಲೇ ಹೇಳಾಕೇನಾಗಿತ್ತು ನಿನಗ!”

ಇನ್ನೂ ಊರಿಗೆ ಹೊರಡದ ಬಾವ ಮೂಲೆಯಿಂದ, “ಇನ್ನೊಮ್ಮೆ ನನ್ನ ಸಾಯಿಸಬ್ಯಾಡ್ರಿ ಅಕ್ಕಾರ” ಅಂದರು. ಸೂತಕದ ಮನೆಯಲ್ಲಿ ಎಲ್ಲರೂ ನಕ್ಕರು. ಅರೆಕ್ಷಣ ಬಿಟ್ಟು ಟೈಲರಕ್ಕನೂ ನಕ್ಕಳು. ಅವಳು ಯಾವಾಗಲೂ ಹಾಗೆ ತಡವಾಗಿಯೇ ನಗುತ್ತಿದ್ದಳು ಅಂತ ನನಗೆ ಅವತ್ತು ಹೊಳೆಯಿತು.

ಅಮ್ಮನೇ ಕಾನೂನು ಮಾಡಿದರು: ಟೈಲರಕ್ಕನ ಮುಂದೆ ಮಾವ ಅನ್ನುವಾಗ ತಲೆಯ ಮೇಲೆ ಕೈ ತಿರುಗಿಸಿ ರುಮಾಲು ಸುತ್ತಿ ತೋರಿಸಬೇಕು. ಬಾವ ಅಂದರೆ ಕೈ ಎತ್ತುವ ಹಾಗಿಲ್ಲ. ಇಡೀ ಓಣಿ ಕಲಿಯಿತು. ವಾರದೊಳಗೆ ಮಷಿನ್ನು ಮತ್ತೆ ಶುರುವಾಯಿತು. ಟೈಲರಕ್ಕ ಆಮೇಲೆ ಯಾರಿಗೂ ಮುಚ್ಚಿಡಲಿಲ್ಲ. ಹೊಸಬರು ಬಂದರೆ ಮೊದಲ ಮಾತೇ, “ಎದುರಿಗೆ ಕುಂತು ಮಾತಾಡ್ರಿ, ಬಾಯಿಗೆ ಸೆರಗು ಬ್ಯಾಡ.” ಮೊದಲಿಗಿಂತ ಜಾಸ್ತಿ ಬಟ್ಟೆ ಬಂದವು.

ಕೆಲವು ವರ್ಷಗಳ ಹಿಂದೆ ನಮ್ಮ ಬಾವ ನಿಜವಾಗಿಯೂ ಹೋದರು. ಸಾವಾಗಿದೆ ಅಂತಷ್ಟೇ ತಿಳಿದು ಟೈಲರಕ್ಕ ಹರಿಹರದ ಮನೆಗೆ ಬಂದಳು, ತಲೆಯೆಲ್ಲ ಬೆಳ್ಳಗಾಗಿತ್ತು. ಬಾಗಿಲಲ್ಲೇ ನಿಂತು ನನ್ನ ಮುಖ ನೋಡಿದಳು. “ಬಾವ ತೀರ್ಕಂಡ್ರಕ್ಕಾ” ಅಂದೆ. ಅವಳ ಕಣ್ಣು ನನ್ನ ಬಾಯಿಂದ ಕೈಗೆ ಇಳಿಯಿತು. ಕಾದಳು... ನನ್ನ ಕೈ ಮೇಲೇಳಲಿಲ್ಲ. ಒಳಗೆ ಹೋಗಿ ನಮ್ಮಕ್ಕನ ಪಕ್ಕ ಕೂತಳು. ಈ ಸಲ ಅವಳ ಕೈಯನ್ನಷ್ಟೇ ಹಿಡಿದುಕೊಂಡಳು.

ಈಗ ಟೈಲರಕ್ಕನೂ ಇಲ್ಲ. ನನ್ನ ಗಾಡಿಯ ಹಳೇ ಕನ್ನಡಿಯನ್ನು ಗುಜರಿಗೆ ಹಾಕಲು ಮನಸ್ಸು ಬರಲಿಲ್ಲ, ಅಡುಗೆಮನೆ ಕಿಟಕಿಯಲ್ಲಿ ಇಟ್ಟಿದ್ದೇನೆ. ಅದರಲ್ಲಿ ಬೆನ್ನ ಹಿಂದಿನ ಬಾಗಿಲು ಕಾಣುತ್ತದೆ.

ಕಿವಿ ಕೇಳದವರು ನಿಮ್ಮ ಮನೆಯಲ್ಲೂ ಓಣಿಯಲ್ಲೂ ಇದ್ದೇ ಇರುತ್ತಾರೆ. ಅವರು ಏನೇನು ಉಪಾಯ ಮಾಡಿಕೊಂಡಿದ್ದರು, ನೀವು ಅವರಿಗಾಗಿ ಯಾವ ಕೈಸನ್ನೆ ಕಲಿತಿರಿ? ಕೆಳಗೆ ಬರೆಯಿರಿ. ಒಂದೊಂದನ್ನೂ ಓದುತ್ತೇನೆ.