ಕರಿಬೇವಿನ ಬುಡದ ಹಾಲು

ಪೋತ್ನಾಳದ ನಮ್ಮ ಅಂಗನವಾಡಿಯಲ್ಲಿ ಗಿಡದ ಪಾಠ ಮಾಡಬೇಕೆಂದು ಮಾನ್ವಿಯಿಂದ ಒಂದು ಕರಿಬೇವಿನ ಸಸಿ ತಂದೆ. ಬಸ್ಸಿನಲ್ಲಿ ಅದನ್ನು ಪಕ್ಕದ ಸೀಟಿನಲ್ಲಿ ಕೂರಿಸಿಕೊಂಡದ್ದಕ್ಕೆ ಕಂಡಕ್ಟರ್, "ಇದಕ್ಕೂ ಅರ್ಧ ಟಿಕೆಟ್ ಹರೀಲೇನ್ರೀ ಅಕ್ಕೋರೆ?" ಎಂದು ಕಾಡಿಸಿದ. ಮೂರ್ನಾಲ್ಕು ವರ್ಷದ ಮಕ್ಕಳ ಮುಂದೆ ಬೇರು, ಕಾಂಡ ಎಂದರೆ ಅವಕ್ಕೆ ಆಕಳಿಕೆ ಬರುತ್ತದೆ. ಅದಕ್ಕೇ, "ಇದೂ ನಿಮ್ಮಂಗ ಒಂದು ಸಣ್ಣ ಕೂಸು. ಇದಕ್ಕೂ ಹಸಿವು, ನೀರಡಿಕಿ ಆಗ್ತಾವ" ಎಂದೆ. ಎಲ್ಲರೂ ಅದರ ಎಲೆ ಸವರಿದ್ದೇ ಸವರಿದ್ದು.

ಆಗ ನನ್ನ ತಲೆ ತಿನ್ನುತ್ತಿದ್ದದ್ದು ಒಬ್ಬ ಹುಡುಗಿಯ ತೂಕ. ದಿನವೂ ಅವಳ ಲೋಟಕ್ಕೆ ಸಕ್ಕರೆ ಹಾಲು ಒಂದಿಷ್ಟು ಹೆಚ್ಚೇ ಸುರಿಯುತ್ತಿದ್ದೆ. ಲೋಟ ಖಾಲಿಯಾಗುತ್ತಿತ್ತು, ತಕ್ಕಡಿಯ ಮುಳ್ಳು ಮಾತ್ರ ಜಪ್ಪಯ್ಯ ಎಂದರೂ ಮೇಲೇಳಲಿಲ್ಲ. ಹೀಗೇ ಆದರೆ ರಾಯಚೂರಿನ ಆಸ್ಪತ್ರೆಗೆ ಸೇರಿಸಬೇಕಾಗುತ್ತದೆ ಎಂದು ನರ್ಸಮ್ಮ ಹೇಳಿಹೋಗಿದ್ದರು. ನನಗೆ ಭಯವಾಗಿತ್ತು.

ಅಂಗಳದಲ್ಲಿ ನೆಟ್ಟ ಸಸಿಯ ಬುಡ ಬೆಳ್ಳಗಾಗಿದ್ದನ್ನು ನೋಡಿದ್ದೆ. ನಮ್ಮ ಕಡೆ ಕರಿಬೇವಿಗೆ ಹುಳಿ ಮಜ್ಜಿಗೆ ಹಾಕುವುದು ರೂಢಿ. ಸಹಾಯಕಿಯ ಕೆಲಸವಿರಬೇಕೆಂದು ಸುಮ್ಮನಿದ್ದೆ. ಒಂದು ದಿನ ಅಲ್ಲಿ ಇರುವೆಗಳು ಮುತ್ತಿಕೊಂಡವು. ಹುಳಿ ಮಜ್ಜಿಗೆಗೆ ಇರುವೆ ಮುತ್ತುವುದನ್ನು ನಾನಂತೂ ಕಂಡಿಲ್ಲ. ಮರುದಿನ ಹಾಲು ಹಂಚಿ ಕಿಟಕಿಯ ಹತ್ತಿರ ನಿಂತೆ. ಅದೇ ಹುಡುಗಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಅಂಗಳಕ್ಕೆ ಬಂದು, ಅಷ್ಟೂ ಹಾಲನ್ನು ಸಸಿಯ ಬುಡಕ್ಕೆ ಎರೆದಳು.

ನನಗೆ ಸಿಟ್ಟು ನೆತ್ತಿಗೇರಿತು. ಹೊರಗೆ ಓಡಿದೆ. "ಯಾಕ ಬೇ, ನಿನ್ನ ಹಾಲು ಗಿಡಕ್ಕ ಯಾಕ ಹಾಕ್ದಿ?"

"ಅದು ಸಣ್ಣ ಕೂಸಲ್ರೀ ಅಕ್ಕೋರೆ," ಎಂದಳು. "ಮನ್ಯಾಗ ತಮ್ಮ ಸಣ್ಣಾಂವ ಅಂತ ಅವ್ವ ಹಾಲು ಅವಂಗ ಕೊಡ್ತಾಳ. ನಾ ದೊಡ್ಡಾಕಿ. ದೊಡ್ಡಾರು ಕುಡೀಬಾರ್ದು."

ಸಿಟ್ಟು ಎಲ್ಲಿ ಹೋಯಿತೋ. ಅವಳ ಪಕ್ಕ ಮಣ್ಣಿನಲ್ಲೇ ಕೂತು, ಗಿಡ ನೀರು ಕುಡಿಯುತ್ತದೆ, ಎಲೆಯೊಳಗೇ ತನ್ನ ಅಡುಗೆ ಮಾಡಿಕೊಳ್ಳುತ್ತದೆ, ಹಾಲು ಅದಕ್ಕೆ ಬೇಡ ಎಂದು ತಿಳಿಸಿದೆ. ಅವಳು ಎಲೆಯನ್ನು ತಿರುಗಿಸಿ ನೋಡಿ, "ಒಲಿ ಎಲ್ಲಿ ಅದರೀ?" ಎಂದಳು. ಬಿಸಿಲು ತೋರಿಸಿದೆ. ಮುಖ ಸೊಟ್ಟ ಮಾಡಿ ಮೇಲೆ ನೋಡಿ, ನಂಬಿದಳು.

ಒಳಗೆ ಕರೆದೊಯ್ದು ಇನ್ನೊಂದು ಲೋಟ ಹಾಲು ಕೊಟ್ಟೆ. ತುಟಿಯವರೆಗೆ ಒಯ್ದವಳು ಉಳಿದ ಮಕ್ಕಳನ್ನು ನೋಡಿ ಲೋಟ ಕೆಳಗಿಳಿಸಿದಳು.

"ಹಂಗಾದ್ರ ಇಲ್ಲಿ ಸಣ್ಣಾರು ಯಾರ್ರೀ?"

"ಇಲ್ಲಿ ನೀನ ಸಣ್ಣಾಕಿ, ಯವ್ವಾ."

ಕಣ್ಣು ಮುಚ್ಚಿಕೊಂಡು ಗಟಗಟ ಕುಡಿದಳು. ಆಮೇಲೆ ಖಾಲಿ ಲೋಟ ನನ್ನ ಕೈಗಿತ್ತು, ಬಾಯಿ ಒರೆಸಲೆಂದು ಮುಖ ಮುಂದೆ ಮಾಡಿ ನಿಂತಳು.